ಪ ಗೀಚಿದ ಇಪ್ಪತ್ತು ಪೈಸೆ

ಅಪ್ಪನಿಗೆ,

ಈಗ ಸಂಜೆ ಐದೂವರೆ. ಬೆಳಗ್ಗೆ ಮಾನ್ಯಳನ್ನು ಕರೆದುಕೊಂಡು ಪಾಸಿರ್ ರಿಸ್ ಬೀಚಿಗೆ ಹೋಗಿದ್ದೆ. ಮಧ್ಯಾಹ್ನ ಬಂದು ಅವಳ ತಲೆಯ ಮರಳು ತೊಳೆದೆ, ಅನ್ನ ಸಾರು ಮಾಡಿದೆ, ಬಟ್ಟೆ ಒಣಹಾಕಿದೆ. ನಿಮ್ಮ ಅಳಿಯನಿಗೆ ಇವತ್ತು ಶಿಫ್ಟ್, ಇನ್ನೂ ಬಂದಿಲ್ಲ. ಡೈರಿಯಲ್ಲಿ ಇಷ್ಟು ಬರೆದು ಮುಚ್ಚಿಬಿಡಬಹುದಿತ್ತು. ಆದರೆ ಉಳಿದದ್ದನ್ನು ನಿಮಗೇ ಹೇಳಬೇಕು. ನನಗೆ ಹೊಟ್ಟೆಕಿಚ್ಚಾಗಿದೆ ಅಪ್ಪ. ಅದೂ ನನ್ನ ಒಂಬತ್ತು ವರ್ಷದ ಮಗಳನ್ನು ಕಂಡು.

ಕಳೆದ ವರ್ಷ ಮೂರು ತಿಂಗಳಿಗೆಂದು ನೀವು ಮೈಸೂರಿನಿಂದ ಸಮುದ್ರ ದಾಟಿ ಆಂಗ್ ಮೋ ಕಿಯೋದ ನಮ್ಮ ಮನೆಗೆ ಬಂದ ಮೊದಲ ದಿನ ನೆನಪಿದೆಯೇ? ಮಾನ್ಯ ಚಪ್ಪಲಿ ಬಿಡುವ ಮೊದಲೇ ನಿಮ್ಮನ್ನು, "ತಾತ, ನೀನು ನಿಜವಾಗ್ಲೂ ಬಸ್ ಕಂಡಕ್ಟರ್ ಆಗಿದ್ಯಾ?" ಎಂದು ಕೇಳಿದಳು. ನನಗೆ ನಾಚಿಕೆಯಾಗಿ, ತಾತನಿಗೆ ನೀವು ಅನ್ನಬೇಕು ಎಂದು ತಿದ್ದಿದೆ. ನೀವು ನಕ್ಕಿರಿ. "ಬಿಡಮ್ಮ, ಅವಳ ಬಾಯಲ್ಲಿ ನೀನು ಅಂದ್ರೇ ಚೆಂದ" ಅಂದಿರಿ. ನನ್ನ ಬಾಯಲ್ಲಿ? ಚಿಕ್ಕವಳಿದ್ದಾಗ ಒಂದೇ ಒಂದು ಸಲ ಬಾಯಿತಪ್ಪಿ ನೀನು ಅಂದಿದ್ದೆ. ಆಗ ನೀವು ಊಟದ ತಟ್ಟೆಯಿಂದ ತಲೆಯೆತ್ತಿ ನೋಡಿದ ನೋಟ... ಆಮೇಲೆ ನಲವತ್ತು ವರ್ಷವಾದರೂ ನಾನು ತಪ್ಪಲಿಲ್ಲ.

ಆ ತಿಂಗಳೇ ನಿಮ್ಮ ಅಳಿಯ ಯಾರೋ ಬಳಸಿ ಬಿಟ್ಟಿದ್ದ ಮೆಟಲ್ ಡಿಟೆಕ್ಟರ್ ಒಂದನ್ನು ಅವಳ ಹುಟ್ಟುಹಬ್ಬಕ್ಕೆ ತಂದುಕೊಟ್ಟರು. ಶನಿವಾರ ಬಂದರೆ ತಾತ ಮೊಮ್ಮಗಳು ಹಳೆ ನಾಣ್ಯ ಹುಡುಕಲು ಬೀಚಿಗೆ ಹೊರಟುಬಿಡುತ್ತಿದ್ದಿರಿ. ಮೆಷಿನ್ ಕೂಗಿದರೆ ಅವಳು "ಹೋಲ್ಡಾನ್" ಅನ್ನಬೇಕು, ನೀವು ಅಗೆಯಬೇಕು. ಗುಂಡಿ ಮುಚ್ಚಿದ ಮೇಲೆ ನೀವು "ರೈಟ್" ಅನ್ನಬೇಕು, ಅವಳು ಮುಂದೆ ಹೋಗಬೇಕು. ಮನೆಗೆ ಬಂದ ಮೇಲೆ ಕಟ್ಟಡದ ಕೆಳಗೆ ತೆರೆದ ಜಾಗವಿದೆಯಲ್ಲ, ಆ ವಾಯ್ಡ್ ಡೆಕ್ಕಿನಲ್ಲಿ ಕೂತು, ಸಿಕ್ಕಿದ್ದನ್ನೆಲ್ಲ ಹಳೆ ಟೂತ್‌ಬ್ರಷ್‌ನಿಂದ ಉಜ್ಜುತ್ತಿದ್ದಿರಿ. ನಿಮ್ಮ ನಗು ಮೂರನೇ ಮಹಡಿಯ ಅಡುಗೆಮನೆಗೂ ಕೇಳುತ್ತಿತ್ತು. ನಿಮಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ನೀನೂ ಬಾ ಪದ್ಮಾ" ಎಂದು ಬೀಚಿಗೆ ಹೊರಡುವಾಗ ಎರಡು ಸಲ ಕರೆದಿರಿ. ಎರಡು ಸಲವೂ ಅಡುಗೆ ಇದೆ ಅಂದೆ. ಮೂರನೇ ಸಲ ನೀವು ಕರೆಯಲಿಲ್ಲ. ಕರೆದಿದ್ದರೆ ಬರುತ್ತಿದ್ದೆನೇ?

ನಾಲ್ಕನೇ ಕ್ಲಾಸಿನಲ್ಲಿ ನಾನು ನಿಮ್ಮನ್ನು ಕೇಳಿದ್ದು ಒಂದೇ. ಒಂದು ದಿನ ನಿಮ್ಮ ಬಸ್ಸಿನಲ್ಲಿ ನಿಮ್ಮ ಜೊತೆ ಒಂದು ಟ್ರಿಪ್ಪು. "ಡ್ಯೂಟಿ ಅಂದ್ರೆ ಡ್ಯೂಟಿ" ಅಂದಿರಿ. ಅದರ ಬದಲಿಗೋ ಏನೋ, ಆಮೇಲೆ ಕೆಲವು ಸಂಜೆ ಮೇಜಿನ ಮೇಲೆ ಒಂದು ಇಪ್ಪತ್ತು ಪೈಸೆ ಇಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದಿರಿ. ಆರು ಮೂಲೆಯ, ಊದಿದರೆ ಹಾರುವಂಥ ಅಲ್ಯೂಮಿನಿಯಂ ನಾಣ್ಯ. ಅಣ್ಣ ಎತ್ತಿಕೊಳ್ಳಬಾರದೆಂದು ಕೈವಾರದ ಮೊನೆಯಿಂದ ಪ್ರತಿಯೊಂದರ ಮೇಲೂ ಪ ಎಂದು ಗೀಚಿ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಿದ್ದೆ. ಒಂದನ್ನೂ ಖರ್ಚು ಮಾಡಲಿಲ್ಲ. ನೀವು ತೀರಿಕೊಂಡ ಮೇಲೆ ಮೈಸೂರಿಗೆ ಬಂದು ಬೀರು ತೆಗೆದೆ. ಡಬ್ಬ ಇತ್ತು, ನಾಣ್ಯ ಇರಲಿಲ್ಲ. ಅಣ್ಣನ ಮಕ್ಕಳು ಆಟಕ್ಕೆ ತೆಗೆದಿರಬೇಕು ಅಂದುಕೊಂಡೆ. ವೈಕುಂಠ ಸಮಾರಾಧನೆಯ ಮನೆಯಲ್ಲಿ ಇಪ್ಪತ್ತು ಪೈಸೆಯ ಮಾತು ಹೇಗೆ ಎತ್ತುವುದು?

ನೀವು ಹೋದ ಮೇಲೂ ಮಾನ್ಯ ಒಂದು ಶನಿವಾರವೂ ತಪ್ಪಿಸಿಲ್ಲ, ಅವಳಪ್ಪನನ್ನು ಎಳೆದುಕೊಂಡು ಹೋಗುತ್ತಾಳೆ. ಇವತ್ತು ಅವರಿಗೆ ಶಿಫ್ಟ್ ಬಿದ್ದಿದ್ದರಿಂದ ನಾನು ಹೋಗಬೇಕಾಯಿತು. ಕೊಡೆ, ನೀರಿನ ಬಾಟಲಿ ಹಿಡಿದು ಅವಳ ಹಿಂದೆ ನಡೆದೆ. ಒಂದು ಸಲ ಮೆಷಿನ್ ಕೈಗೆ ತೆಗೆದುಕೊಂಡರೆ, "ಹಾಗಲ್ಲ ಲಾ ಅಮ್ಮ, ತಾತ ನಿಧಾನಕ್ಕೆ ಆಡಿಸ್ತಿದ್ದ" ಎಂದು ಇಲ್ಲಿಯವರ ಹಾಗೆ ಲಾ ಸೇರಿಸಿ ಕಿತ್ತುಕೊಂಡಳು. ತಾತ ಹೀಗೆ, ತಾತ ಹಾಗೆ. ನನ್ನಪ್ಪ ಹೇಗಿದ್ದರೆಂದು ನನಗೇ ಪಾಠ.

ಸರ್ವೆ ಮರದ ಹತ್ತಿರ ಮೆಷಿನ್ ಕೂಗಿತು. ಅಲ್ಲೇ ಹುಡುಕುತ್ತಿದ್ದ ಚೀನೀ ಅಂಕಲ್ ಒಬ್ಬರು ಸದ್ದು ಕೇಳಿಯೇ ಕೈಯಾಡಿಸಿದರು. ಅದು ಕೋಲಾ ಡಬ್ಬಿ ತೆರೆಯುವ ಅಲ್ಯೂಮಿನಿಯಂ ಕಿವಿ, ಅಗೆಯಬೇಡ ಅಂದರು. ಮಾನ್ಯ ಅವರಿಗೆ ಥ್ಯಾಂಕ್ಯೂ ಹೇಳಿ, ನನ್ನ ಕಡೆ ತಿರುಗಿ "ಹೋಲ್ಡಾನ್" ಅಂದಳು. ಆ ಸದ್ದು ಬಂದ ಕಡೆಯೆಲ್ಲ ಅಗೆಯುವುದು ಅವಳ ಅಭ್ಯಾಸವಂತೆ. ಒಂದು ಗೇಣು ಮರಳಿನ ಕೆಳಗಿಂದ ಆರು ಮೂಲೆಯದೊಂದು ಮೇಲೆ ಬಂತು. ಅಂಕಲ್ ಕನ್ನಡಕ ಏರಿಸಿ, ಯಾವ ದೇಶದ್ದು ಎಂದು ಕೇಳಿದರು. ಮಾನ್ಯಳ ಅಂಗೈಯಲ್ಲಿದ್ದ ಅದರ ಮರಳನ್ನು ನಾನು ಒರೆಸಿದೆ. ಪ.

"ಇದು ನಂದು" ಅಂದೆ. ನಲವತ್ತು ದಾಟಿದವಳು ಮಗುವಿನ ಕೈಯಿಂದ ಕಸಿದುಕೊಂಡು ಹಾಗಂದೆ. ನನ್ನ ಡಬ್ಬ ಬರಿದು ಮಾಡಿ ಇವಳ ಆಟಕ್ಕೆ ಹೂತಿಟ್ಟಿರಾ ಅನ್ನಿಸಿ ಮೈಯೆಲ್ಲ ಉರಿದುಹೋಯಿತು.

"ಗೊತ್ತು" ಅಂದಳು ಮಾನ್ಯ. "ಪ ಅಂದ್ರೆ ಪದ್ಮಾ. ತಾತ ಹೇಳ್ಕೊಟ್ಟಿದ್ದಾನೆ." ಎರಡು ವರ್ಷ ಸ್ಲೇಟು ಹಿಡಿಸಿದರೂ ನನ್ನಿಂದ ಒಂದು ಅಕ್ಷರ ಕಲಿಯದವಳು. ಆಮೇಲೆ ಗುಂಡಿ ಮುಚ್ಚುತ್ತಾ ಹೇಳಿದಳು, "ನಿಂಗೆ ಕೊಡೋಕೇ ಊರಿಂದ ತಂದಿದ್ದ ಅಮ್ಮ. ಕೈಗೆ ಕೊಡೋಕೆ ಶೈ ಆಗತ್ತಂತೆ. ಅದಕ್ಕೇ ಹೂತಿಟ್ವಿ, ನೀನೇ ಹುಡುಕ್ಲಿ ಅಂತ. ನೀನು ಬರೋವರ್ಗೂ ಹೇಳ್ಬಾರ್ದು ಅಂತ ಪ್ರಾಮಿಸ್. ನೀನು ಬರ್ಲೇ ಇಲ್ವಲ್ಲ."

ಎಲ್ಲವನ್ನೂ ನೀವು ನೀರಿನ ಅಂಚಿನಲ್ಲಿ ಹೂತಿರಂತೆ, ನೀರು ದೂರ ಸರಿದಿದ್ದ ಹೊತ್ತಿನಲ್ಲಿ. ಸಮುದ್ರ ಮತ್ತೆ ಮೇಲೆ ಬರುತ್ತದೆಂದು ಕೆರೆ ನೋಡಿ ಬೆಳೆದ ನಿಮಗೆ ಹೊಳೆಯಲಿಲ್ಲವೇ? ಮುಂದಿನ ವಾರ ಹೋದರೆ ಗುರುತಿಗೆ ನೆಟ್ಟ ಕಡ್ಡಿಯೂ ಇರಲಿಲ್ಲವಂತೆ. ನೀವು ತಲೆ ಕೆರೆದುಕೊಂಡು, "ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ, ಬೈತಾಳೆ" ಅಂದಿರಂತೆ. ಅಂದಿನಿಂದ ಇವಳು ಅಗೆಯುತ್ತಲೇ ಇದ್ದಾಳೆ. ಸಿಕ್ಕ ಒಂದಷ್ಟು ಅವಳ ಪೆನ್ಸಿಲ್ ಬಾಕ್ಸಿನ ತಳದಲ್ಲಿ ಇವೆ. ಊಟವಾದ ಮೇಲೆ ತಂದು ನನ್ನ ಮಡಿಲಿಗೆ ಸುರಿದಳು.

ಸಂತೋಷವಾಗಬೇಕಿತ್ತು, ಅಲ್ಲವೇ? ಆಯಿತು. ಆದರೂ ಕಿಚ್ಚು ಹೋಗಿಲ್ಲ. ನನಗೋಸ್ಕರ ಮಾಡಿದ್ದನ್ನೂ ಅವಳ ಜೊತೆಯೇ ಮಾಡಿದಿರಿ. ನೀವು ನಾಚಿಕೊಂಡಿದ್ದು, ತಲೆ ಕೆರೆದುಕೊಂಡಿದ್ದು, ನನಗೆ ಹೆದರಿದ್ದು, ಎಲ್ಲ ನೋಡಿದವಳು ಅವಳು. ನನ್ನ ಪಾಲಿಗೆ ಬಂದಿರುವುದು ಬರೀ ನಾಣ್ಯ. ಮೇಜಿನ ಮೇಲಿಟ್ಟು ಹೋದ ಹಾಗೆಯೇ.

ಅದಕ್ಕೇ ಒಂದು ಕೇಳುತ್ತೇನೆ, ತಟ್ಟೆಯಿಂದ ತಲೆಯೆತ್ತಿ ನೋಡಬೇಡಿ. ಅಪ್ಪ, ನೀನು ಮೂರನೇ ಸಲ ಯಾಕೆ ಕರೆಯಲಿಲ್ಲ? ನೀನು ಇನ್ನೊಂದೇ ಒಂದು ಸಲ...

ಮಾನ್ಯ ಈಗಷ್ಟೇ ಬಾಗಿಲಲ್ಲಿ ನಿಂತು, ನಾಳೆ ಬರ್ತೀಯಾ ಎಂದು ಕೇಳಿ ಹೋದಳು. ಬರುತ್ತೇನೆ ಅಂದಿದ್ದೇನೆ. ಮೆಷಿನ್ ಅವಳೇ ಹಿಡಿಯುತ್ತಾಳಂತೆ, ಅಗೆಯುವುದು ನಾನಂತೆ. ನಾಳೆ ಬೆಳಗ್ಗೆ ಏಳೂಕಾಲಿಗೆ ನೀರು ಪೂರ್ತಿ ಇಳಿದಿರುತ್ತದೆ.