ತೊಳೆದ ಮೊಟ್ಟೆ

ಶಿವನಿ
೫ನೇ ಫೆಬ್ರವರಿ ೨೦೨೬, ಗುರುವಾರ

ಮಗಳು ತ್ರಿವೇಣಿಗೆ,

ಈ ಕಾಗದ ಬರೆಯುತ್ತಿರುವವಳು ಹುಲಿಯಮ್ಮ. ಹೈಸ್ಕೂಲು ಮುಗಿಸಿದವಳು, ನಮ್ಮ ಕೇರಿಯಿಂದ ಆರಿಸಿಹೋಗಿ ಪಂಚಾಯಿತಿಯ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು, ಇವತ್ತಿಗೂ ಈ ಮನೆಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವಳು. ನಿನಗೆ ಗೊತ್ತಿರುವುದನ್ನೇ ಬರೆದಿದ್ದೇನೆ. ಒಮ್ಮೊಮ್ಮೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ.

ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲವೆಂದು ಬೇಸರಪಡಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನಣ್ಣ ತಿಪ್ಪೇಶ ಅವರೆ ಕಿತ್ತು ಮುಗಿಸಿದ. ಕರಿ ಕೋಳಿ ಮತ್ತೆ ಕಾವಿಗೆ ಕೂತಿದೆ, ಹತ್ತಿರ ಹೋದರೆ ಕುಕ್ಕುತ್ತದೆ.

ಮಗು ಸೌಮ್ಯಳಿಗೆ ತೂಕ ಸಾಲದು, ದಿನಕ್ಕೊಂದು ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದಾಗ ನಿನ್ನ ಗಂಡ ರುದ್ರಮೂರ್ತಿಯೇ ನನಗೆ ಫೋನ್ ಮಾಡಿದ್ದ. ಅಂಗಡಿಯದು ಬೇಡ ಅತ್ತೆ, ನಿಮ್ಮ ಹಿತ್ತಲಿನದೇ ಕಳಿಸಿ ಎಂದ. ಲಿಂಗ ಕಟ್ಟಿದ ಮನೆಯ ಹುಡುಗ. ಆ ಮಾತು ಕೇಳಿ ನನಗೆಷ್ಟು ಹೆಮ್ಮೆಯಾಯಿತೆಂದು ಯಾರಿಗೂ ತೋರಿಸಲಿಲ್ಲ. ನಿನ್ನತ್ತೆ ಮಲ್ಲಿಕಾಂಬ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇರಲಿ ಎಂದರು. ಅದು ಅವರ ಮನೆಯ ನಡೆ. ನಾನು ತಕರಾರು ಮಾಡಲಿಲ್ಲ.

ಆಮೇಲೆ ನೀನು, ಮೊಟ್ಟೆ ಕೆಡುತ್ತಿವೆ, ಇನ್ನು ಕಳಿಸಬೇಡಮ್ಮ ಎಂದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಮ್ಮ ಮನೆಯ ಮೊಟ್ಟೆ ಕೆಟ್ಟಿತೆಂದು ಯಾರೂ ಇದುವರೆಗೆ ಹೇಳಿದ್ದಿಲ್ಲ. ಬೆಳಿಗ್ಗೆಯೇ ಗೂಡಿನಿಂದ ಎತ್ತುತ್ತೇನೆ, ಕೊಳೆ ಹತ್ತಿದ್ದನ್ನು ಮನೆಗೆ ಬಿಟ್ಟು ಶುಭ್ರವಾದದ್ದನ್ನೇ ಒಣ ಬಟ್ಟೆಯಲ್ಲಿ ಒರೆಸಿ ನಿನಗೆ ತೆಗೆದಿಡುತ್ತೇನೆ, ಚೂಪು ತುದಿ ಕೆಳಗೆ ಮಾಡಿ ರಾಗಿಯೊಳಗೆ ಹೂತಿಡುತ್ತೇನೆ. ಚಳಿಗಾಲದಲ್ಲಿ ಹಾಗೆ ಹದಿನೈದು ದಿನ ಏನೂ ಆಗದು. ಏನು ನಡೆಯುತ್ತಿದೆ ಎಂದು ನೋಡಲಿಕ್ಕೇ ಆ ಭಾನುವಾರ ಹೇಳದೆ ಕೇಳದೆ ತರೀಕೆರೆಯ ನಿಮ್ಮ ಮನೆಗೆ ಬಂದದ್ದು.

ಹಿತ್ತಲಲ್ಲಿ ನೀನು ಕೂತಿದ್ದೆ. ಬಕೆಟ್ಟಿನ ತಣ್ಣೀರಿಗೆ ಅರಿಶಿನ ಕಲಸಿ, ನಾನು ಕಳಿಸಿದ ಮೊಟ್ಟೆಗಳನ್ನೆಲ್ಲ ಅದರಲ್ಲಿ ಮುಳುಗಿಸಿ, ನಾರಿನಿಂದ ಉಜ್ಜುತ್ತಿದ್ದೆ. ಉಜ್ಜಿದ್ದನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಮೊಟ್ಟೆಯ ಮೇಲೆ ಕೋಳಿ ಕೊಟ್ಟ ಕಣ್ಣಿಗೆ ಕಾಣದ ಪೊರೆಯಿರುತ್ತದೆ, ಅದು ಹೋದರೆ ನೀರೂ ಕೊಳೆಯೂ ಒಳಗಿಳಿಯುತ್ತವೆ, ತೊಳೆಯಲೇಬೇಕಾದರೆ ಒಲೆಗೆ ಇಡುವ ಮುಂಚೆ ತೊಳೆ ಎಂದು ನಿನಗೆ ಲಂಗ ಉಡುವ ವಯಸ್ಸಿನಲ್ಲೇ ಕಲಿಸಿದ್ದೆ. ನೀನು ಮರೆತವಳಲ್ಲ.

ನಿನ್ನತ್ತೆಯ ಕೆಲಸ ಇದು ಎಂದುಕೊಂಡೆ. ನೇರವಾಗಿ ಒಳಗೆ ಹೋಗಿ ಕೇಳಿಯೇಬಿಟ್ಟೆ. ಅವರು ಸೊಪ್ಪು ಸೋಸುತ್ತಾ ಕೂತಿದ್ದವರು ತಲೆ ಎತ್ತಿ, "ಅಯ್ಯೋ, ನನ್ನ ಯಾಕೆ ಕೇಳ್ತೀರಿ ಬೀಗ್ರೇ? ಬೇಡ ಬಿಡೇ ಅಂತ ನಾನೇ ಎಷ್ಟ್ ಸಲ ಹೇಳಿದ್ದೀನಿ. ನಿಮ್ಮ ಮಗಳು ನನಗಿಂತ ಮಡಿ ಕಣ್ರೀ" ಎಂದರು. ಅವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಹಿತ್ತಲಿಗೆ ಬಂದು ನಿನ್ನನ್ನು ಕೇಳಿದೆ. ನೀನು ತಲೆ ತಗ್ಗಿಸಿಕೊಂಡೇ, "ಎಲ್ಲಿಂದ ಬಂದಿದ್ದು ಅಂತ ಯಾರೂ ಒಂದು ಮಾತು ಅನ್ನಬಾರ್ದು ಅಂತ, ಅಮ್ಮ" ಎಂದೆ.

"ಯಾರು ಅಂದ್ರು?"

"ಇನ್ನೂ ಯಾರೂ ಅಂದಿಲ್ಲ."

ಯಾರೂ ಆಡದ ಮಾತಿಗೆ ಹೆದರಿ ಮಗುವಿನ ಬಾಯಿಗೆ ಹೋಗುವುದನ್ನು ಕೆಡಿಸುತ್ತಿದ್ದೀಯ ಮಗಳೇ. ಸೌಮ್ಯಳನ್ನು ಎತ್ತಿಕೊಂಡಾಗ ಅವಳ ಪಕ್ಕೆಲುಬುಗಳು ನನ್ನ ಕೈಗೆ ಸಿಕ್ಕಿದವು. ಅದಕ್ಕೇ ಬರೆಯುತ್ತಿದ್ದೇನೆ, ಇನ್ನು ನಮ್ಮ ಮನೆಯ ಮೊಟ್ಟೆ ನಿನ್ನ ಕೈಗೆ ಬರುವುದಿಲ್ಲ, ನಾನೇ ತಂದು ಇಟ್ಟು ಹೋಗುತ್ತೇನೆ, ರುದ್ರಮೂರ್ತಿ ಬೇಯಿಸಿ ಕೊಡುತ್ತಾನೆ. ನಿನ್ನೆ ನೀನು ಆಫೀಸಿಗೆ ಹೋಗಿದ್ದಾಗ ಬಂದು ಇದನ್ನೆಲ್ಲ ನಿನ್ನತ್ತೆಯೊಂದಿಗೆ ತೀರ್ಮಾನ ಮಾಡಿಕೊಂಡಿದ್ದೇನೆ. ಅವರು ತಮ್ಮ ಉಗ್ರಾಣದಿಂದ ಒಂದು ಪಾತ್ರೆ ರಾಗಿ ತಂದು ನನ್ನ ಮುಂದಿಟ್ಟರು. "ಮೊಟ್ಟೆ ಮಾತ್ರ ನನ್ ಕೈಲಿ ಮುಟ್ಟಿಸಬೇಡಿ ಬೀಗ್ರೇ. ರಾಗಿ ನಂದು, ಹೂತಿಡೋದು ನಿಮ್ದು, ಬೇಯಿಸೋದು ಮಗು ಅಪ್ಪಂದು" ಎಂದರು. ತಮ್ಮ ನಡೆ ಬಿಡದೆಯೂ ನನ್ನ ಮಾನ ಕಾಯ್ದ ಹೆಂಗಸು. ಅವರೆದುರು ತಗ್ಗಿ ನಡೆ, ಆದರೆ ಹೆದರಿ ನಡೆಯಬೇಡ.

ಮಗು ಮೈಕೈ ತುಂಬಿಕೊಳ್ಳಲಿ. ನಿನ್ನ ಸಂಸಾರ ತಂಪಾಗಿರಲಿ. ಬುದ್ಧನ ಪಟದ ಮುಂದೆ ದಿನವೂ ದೀಪ ಹಚ್ಚುವಾಗ ನಿಮ್ಮ ಮೂವರ ಹೆಸರೂ ಹೇಳುತ್ತೇನೆ.

ನಿನ್ನ ತಾಯಿ,
ಹುಲಿಯಮ್ಮ

ಸಹಿ ಹಾಕಿದ ಮೇಲೂ ಕೈ ಪೆನ್ನು ಬಿಡುತ್ತಿಲ್ಲ, ಅದಕ್ಕೆ ಇಷ್ಟು ಸೇರಿಸುತ್ತಿದ್ದೇನೆ.

ಮೊಟ್ಟೆ ತೊಳೆದದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಆ ಭಾನುವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಗ ಪಕ್ಕದ ಮನೆಯ ಕಾಶಮ್ಮನವರು ಕಾಂಪೌಂಡಿನಾಚೆಯಿಂದ ಇಣುಕಿ, ಯಾರೇ ತ್ರಿವೇಣಿ ಬಂದಿರೋರು ಎಂದು ಕೇಳಿದರು. ನೀನು, "ಹಳ್ಳಿಯಿಂದ ಮೊಟ್ಟೆ ತಂದುಕೊಡ್ತಾರೆ ಆಂಟಿ" ಎಂದೆ. ಮಗು ಹೊಸಬರ ಹತ್ತಿರ ಎಷ್ಟು ಚೆನ್ನಾಗಿ ಕೂತಿದೆ ಎಂದು ಅವರು ಹೇಳಿದರು. ನೀನು ಅದಕ್ಕೂ ಹೂಂ ಎಂದೆ. ನನಗೆ ಕೇಳಿಸಲಿಲ್ಲವೆಂದು ತಿಳಿದಿರಬೇಕು.

ನಿನ್ನೆ ನಿನ್ನತ್ತೆಗೆ ಹೋಗಿಬರುತ್ತೇನೆಂದು ಹೇಳಿ ಕಾಶಮ್ಮನವರ ಮನೆಯ ಮುಂಬಾಗಿಲು ತಟ್ಟಿದೆ. ಅವರು ಅರ್ಧ ಬಾಗಿಲು ತೆಗೆದು, "ನಮಗೆ ಮೊಟ್ಟೆ ಬೇಡಮ್ಮ, ನಾವು ತಿನ್ನಲ್ಲ" ಎಂದರು.

"ಮಾರೋಕೆ ಬಂದಿಲ್ಲ ಕಣ್ರೀ" ಎಂದೆ. "ನಾನು ತ್ರಿವೇಣೀನ ಹೆತ್ತವಳು."

ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯದೆ ಬಸ್ ಸ್ಟ್ಯಾಂಡಿಗೆ ನಡೆದೆ.