ಅವಸರಪಟ್ಟ ಹೂವು

ಮಾರ್ಚ್ ೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಕಾಗದವೂ ತಡವಾಯಿತು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಇನ್ನು ಮೇಲೆ ಏನಿದ್ದರೂ ಕಾಗದದಲ್ಲೇ.

ನಿನ್ನಪ್ಪನ ಮಂಡಿನೋವು ಕಡಿಮೆಯಾಗಿದೆ. ಚಳಿ ಆಗಲೇ ಹೋಯಿತಲ್ಲ, ನೋವಿಗೇನು ಕೆಲಸ? ಸ್ವೆಟರುಗಳು ಇಷ್ಟು ಬೇಗ ಪೆಟ್ಟಿಗೆ ಸೇರಿದವು. ಅವರಿಗೆ ಖುಷಿ, ನನಗೆ ಮೈಯೆಲ್ಲ ಉರಿ.

ನಮ್ಮ ಬೆಟ್ಟದ ತೋಟದ ನೀಲಿ ಹೂವು ಈ ಸಲವೂ ಅವಧಿಗೆ ಮುಂಚೆ ಅರಳಿ ನಿಂತಿದೆ. ಭೂಮಿ ಬಿಸಿಯಾಗುತ್ತಿದೆ ಎಂದು ಪೇಪರಿನವರು ಬರೆಯುವುದು ಇದನ್ನೇ. ಹಿಮ ಬೇಗ ಕರಗಿತು, ಬಿಸಿಲು ತಾಗಿತು, ವಸಂತ ಬಂತೆಂದು ಪಾಪ ಅದು ನಂಬಿತು. ಆದರೆ ಒಳಗಿನ ಮಣ್ಣು ಇನ್ನೂ ತಣ್ಣಗಿದೆ, ದುಂಬಿಗಳು ಅಲ್ಲೇ ಮಲಗಿವೆ. ಅವು ಎದ್ದು ಬರುವಷ್ಟರಲ್ಲಿ ಹೂವು ಉದುರಿರುತ್ತದೆ. ಪಾತ್ರೆ ತೊಳೆದಿಟ್ಟ ಮೇಲೆ ನೆಂಟರು ಬಂದ ಹಾಗೆ. ಹೋದ ವರ್ಷ ಕಾಯಿ ಒಡೆದು ನೋಡಿದರೆ ಬೀಜವೇ ಇಲ್ಲ, ಬರೀ ಹೊಟ್ಟು. ಹಳೆಯ ಗಡ್ಡೆಗಳು ಇನ್ನೊಂದಷ್ಟು ಕಾಲ ಚಿಗುರುತ್ತವೆ, ಹೊಸ ಗಿಡ ಒಂದೂ ಹುಟ್ಟುತ್ತಿಲ್ಲ. ಈ ಬೆಟ್ಟ ಬಿಟ್ಟರೆ ಅದಕ್ಕೆ ಬೇರೆ ಮನೆಯೂ ಇಲ್ಲ.

ಅದಕ್ಕೇ ನಿನ್ನಪ್ಪನ ಬಣ್ಣದ ಕುಂಚ ಕದ್ದು ತಂದು, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಹಚ್ಚುತ್ತಿದ್ದೇನೆ. ಈ ವಯಸ್ಸಿನಲ್ಲಿ ದುಂಬಿಯಾಗಬೇಕಾಯಿತು, ನಗಬೇಡ. ಇಳಿಜಾರು ದೊಡ್ಡದು, ನನಗಿರುವುದು ಎರಡೇ ಕೈ. ಮೊನ್ನೆ ತೋಟ ನೋಡಲು ಬಂದ ಒಬ್ಬ ಮಹಾಶಯ ಹೂವಿನ ಮೇಲೇ ಮಲಗಿ ಫೋಟೊ ತೆಗೆಸಿಕೊಂಡ. ಏಳಪ್ಪ ಎಂದರೆ, ಟಿಕೆಟ್ ತಗೊಂಡೇ ಬಂದಿದ್ದೇನೆ ಎಂದ. ಮೇಲಿನ ಇಳಿಜಾರಿಗಾದರೂ ಬೇಲಿ ಹಾಕಿಸಿ ಎಂದು ತೋಟದ ಮ್ಯಾನೇಜರನ್ನು ಕೇಳಿದೆ. ಅವರು ನನಗೆ ಟೀ ತರಿಸಿದರು.

"ಹೂ ಬೇಗ ಬಂದ್ರೆ ಒಳ್ಳೇದಲ್ವೇನಮ್ಮಾ? ಜನ ಬರ್ತಿದ್ದಾರೆ."

"ಬರ್ಬೇಕಾಗಿರೋದು ದುಂಬಿ ಸರ್, ಜನ ಅಲ್ಲ," ಅಂದೆ.

ಅವರು ನಕ್ಕು, ನಿಮ್ಮ ಮಗಳೇ ಬರೆದದ್ದಲ್ಲವೇ ಎಂದು ಗೋಡೆಯ ಪೋಸ್ಟರ್ ತೋರಿಸಿದರು. ನಾನು ಆಗಲೇ ಬಸ್ ನಿಲ್ದಾಣದಲ್ಲಿ ನೋಡಿದ್ದೆ. ನಿನ್ನ ಜಾಹೀರಾತು ಕಂಪನಿಯವರು ಆಳೆತ್ತರಕ್ಕೆ ಅಂಟಿಸಿದ್ದಾರೆ: "ಅವಸರಪಟ್ಟು ಬಂದಿವೆ ಹೂವುಗಳು, ನಿಮಗಾಗಿ ಕಾಯಲಾರದೆ!" ನಿಮಗಾಗಿಯಂತೆ. ಅವು ಯಾರ ದಾರಿ ಕಾಯುತ್ತಿವೆಯೋ ಅವರು ಇನ್ನೂ ಮಣ್ಣಿನೊಳಗಿದ್ದಾರೆ.

ಮಾರುವುದು ನಿನ್ನ ಕೆಲಸ, ಗೊತ್ತು. ಆದರೆ ನೀನು ಇದೇ ಇಳಿಜಾರಿನಲ್ಲಿ ಅಂಬೆಗಾಲಿಟ್ಟವಳು. ಆ ಪೋಸ್ಟರ್ ತೆಗೆಸು. ನಿನ್ನಿಂದ ಆಗದಿದ್ದರೆ ನಾನೇ ಹರಿಯುತ್ತೇನೆ, ಯಾರು ಏನು ಮಾಡುತ್ತಾರೋ ಮಾಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚೆನ್ನಾಗಿರು, ಬೈದದ್ದನ್ನೂ ಆಶೀರ್ವಾದ ಎಂದುಕೋ.

ನಿನ್ನ
ಅಮ್ಮ

ತಾ.ಕ.: ಪೋಸ್ಟರಿನ ಆ ಸಾಲು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಬಸ್ ನಿಲ್ದಾಣದಲ್ಲೇ ನಿಂತು ಯೋಚಿಸಿದೆ. ಆಮೇಲೆ ಹೊಳೆಯಿತು. ಹೋದ ತಿಂಗಳು ಫೋನಿನಲ್ಲಿ ನಾನೇ ಅಂದದ್ದು: "ಅವಸರಪಟ್ಟು ಬಂದ್ಬಿಟ್ವು ಕಣೇ, ಕಾಯಕ್ಕಾಗ್ಲಿಲ್ಲ ಅವಕ್ಕೆ." ಅವತ್ತು ನಾನು ಅಳುತ್ತಿದ್ದೆ ಪುಟ್ಟಿ. ನೀನು "ಹೂಂ, ಇನ್ನೊಂದ್ಸಲ ಹೇಳಮ್ಮ" ಎನ್ನುತ್ತಿದ್ದೆ. ನನ್ನ ಸಂಕಟ ಕೇಳಿಸಿಕೊಳ್ಳುತ್ತಿದ್ದೀಯ ಅಂದುಕೊಂಡಿದ್ದೆ. ಬರೆದುಕೊಳ್ಳುತ್ತಿದ್ದೆಯಾ?