ಎರಡು ಗಂಟೆ ಗೊತ್ತುಮಾಡಿದವರು

ಮನೆ,
ಹದಿನಾಲ್ಕನೇ ತಾರೀಖು, ಶನಿವಾರ ಸಂಜೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆದರೆ ಮೂಗು ಮುರಿಯುತ್ತೀಯೆ, ಅದಕ್ಕೆ ಹೀಗೆ. ನಿನ್ನ ತಾಯಿಯ ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದರೇ? ಕೋಲು ಹಿಡಿಯುವುದಿಲ್ಲ ಎಂದು ಹಟ ಮಾಡಿದರೆ ಬೈಯಬೇಡ. ಕನ್ನಡಕಕ್ಕೆ ನಾನೂ ಒಂದು ವರ್ಷ ಹಟ ಮಾಡಿದವನೇ. ಇಲ್ಲಿ ನಿನ್ನ ಗಂಡ ತಾನೂ ಉಣ್ಣುತ್ತಾನೆ, ನನಗೂ ಬಡಿಸುತ್ತಾನೆ. ಉಪ್ಪು ಮಾತ್ರ ದಿನಕ್ಕೊಂದು ಅಂದಾಜು.

ಇನ್ನು ಸುದ್ದಿ. ಬುಧವಾರ ಮಧ್ಯಾಹ್ನ ಎರಡರ ಸಭೆಗೆ ಇವತ್ತಿನವರೆಗೆ ಹತ್ತೊಂಬತ್ತು ಕಂಪ್ಯೂಟರ್ ತಜ್ಞರು ಹೆಸರು ಕೊಟ್ಟಿದ್ದಾರೆ. ಸಂಘಗಳಿಂದ ಒಬ್ಬರೂ ಬರುವುದಿಲ್ಲ. ಇದನ್ನು ತಿಳಿಸಿದವಳು ಗುಜರಿ ಆಯುವವರ ಸಂಘದ ಮುಖಂಡೆ, ನೀವೆಲ್ಲ ತಕ್ಕಡಿ ಅಕ್ಕ ಎನ್ನುವವಳು. ಬೆಳಿಗ್ಗೆ ಬಾಗಿಲಿಗೇ ಬಂದು, ನಾನು ಅಚ್ಚು ಹಾಕಿಸಿದ್ದ ಸಭೆಯ ಚೀಟಿಗಳ ಕಟ್ಟನ್ನು ಬಿಚ್ಚದೆ ವಾಪಸು ಇಟ್ಟಳು. “ಎರಡು ಗಂಟೆಗೆ ನಮ್ಮ ಮೂಟೆ ತೂಕಕ್ಕೆ ಹೋಗುತ್ತೆ ಅಜ್ಜಾ. ಆ ಹೊತ್ತು ತಪ್ಪಿದ್ರೆ ಗೋದಾಮಿನವನು ಬಾಗಿಲು ಎಳ್ಕೋತಾನೆ. ಮೂಟೇನ ನಿಮ್ಮ ತಜ್ಞರ ತಲೆ ಮೇಲೆ ಹೊರಿಸ್ಲಾ?” ಎಂದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರದ್ದೂ ಅದೇ ಕಥೆ. ಅವರು ಎರಡಕ್ಕೆ ಔಷಧಿ ಕೊಡಬೇಕು.

ಯಾವ ಬೀದಿಯಲ್ಲಿ ಯಾವ ದಿನ ಗುಜರಿ ಹೊರಗೆ ಬರುತ್ತದೆ ಎಂದು ಫೋನಿನಲ್ಲೇ ತಿಳಿಯುವಂತೆ ಮಾಡಿಕೊಡುವ ತಜ್ಞರು ಇವರಿಗೆ ಮುಖಾಮುಖಿ ಸಿಗಲಿ ಎಂದು ನೀನು ಎರಡು ವರ್ಷ ಸಂಘದವರ ಹೊಸ್ತಿಲುಗಳಲ್ಲಿ ಕೂತು ಒಪ್ಪಿಸಿದೆ. ಹೋಗುವಾಗ ನನಗೆ ಉಳಿಸಿದ್ದು ಒಂದೇ ಕೆಲಸ, ದಿನ ಮತ್ತು ಹೊತ್ತು ಗೊತ್ತುಮಾಡುವುದು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ವೇಳೆ ಬರೆದವನಿಗೆ ಇದೇನು ಮಹಾ ಎಂದುಕೊಂಡೆ. ಇವತ್ತು ದಿನವಿಡೀ ಫೋನ್ ಮಾಡಿ ಗಂಟಲು ಕಟ್ಟಿದೆ. ಬೆಳಿಗ್ಗೆ ಆರಕ್ಕೆ ಇಡೋಣವೇ ಎಂದರೆ ಹತ್ತೊಂಬತ್ತರಲ್ಲಿ ಐವರು ಒಪ್ಪಿದರು. ಒಬ್ಬ, “ಬೆಳಿಗ್ಗೇನೂ ಒಂದು ಆರು ಗಂಟೆ ಇರುತ್ತಾ ಸಾರ್?” ಎಂದ. ನಗಲೂ ಸುಸ್ತು. ಅಕ್ಕ ಅದಕ್ಕೂ ಜಗ್ಗಲಿಲ್ಲ. “ನಮ್ಮನ್ನ ಒಂದು ಮಾತು ಕೇಳದೆ ಹೊತ್ತು ಇಟ್ಟ ತಜ್ಞರ ಮುಖ ನಾನ್ಯಾಕೆ ನೋಡ್ಲಿ?” ಎಂದು ಫೋನ್ ಇಟ್ಟಳು.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಅವರ ಆರೈಕೆಯಲ್ಲಿ ನೀನು ಊಟ ಬಿಡಬೇಡ. ಒಳ್ಳೆಯದಾಗಲಿ.

ನಿನ್ನ ಮಾವ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಎರಡು ಗಂಟೆ ಇಟ್ಟದ್ದು ತಜ್ಞರಲ್ಲ, ನಾನು. ಡಿಪೋದಲ್ಲಿ ಎರಡಕ್ಕೆ ಬಸ್ಸುಗಳು ನಿಂತು ಎಲ್ಲರಿಗೂ ಬಿಡುವಿರುತ್ತಿತ್ತು. ಎಲ್ಲ ಕಡೆಯೂ ಹಾಗೇ ಎಂದುಕೊಂಡೆ, ಯಾರನ್ನೂ ಕೇಳಲಿಲ್ಲ. ಅಕ್ಕ ಜೋರು ಮಾಡಿದಾಗ ಮರ್ಯಾದೆ ಉಳಿಸಿಕೊಳ್ಳಲು ‘ತಜ್ಞರೇ ಹೇಳಿದ್ದು’ ಎಂದುಬಿಟ್ಟೆ. ಅವಳ ಸಿಟ್ಟೆಲ್ಲ ಆ ಸುಳ್ಳಿನ ಮೇಲೆ ನಿಂತಿದೆ. ಸೋಮವಾರ ಬೆಳಿಗ್ಗೆ ಐದೂವರೆಗೆ ಸಂಘದವರೆಲ್ಲ ಗೋದಾಮಿನ ಗೇಟಿನ ಮುಂದೆ ಸೇರುತ್ತಾರೆ. ನಿಜ ಹೇಳಿ, ಹೊತ್ತು ಅವರನ್ನೇ ಕೇಳಲು ಐದೂಕಾಲಿಗೆ ನಾನು ಅಲ್ಲಿರುತ್ತೇನೆ.